ನಾಲ್ಕಡಿ ಹಲಗೆಯ ಮೇಲೊಂದು ಶಂಟಿಂಗ್ ಯಾರ್ಡ್: ನನ್ನ ಅನುಭವ

ಮನೆಯಲ್ಲಿ ಮಾದರಿ ರೈಲು ಅಂದರೆ ಮೊದಲು ನೆನಪಾಗುವುದು ಗುಂಡಗೆ ಸುತ್ತುವ ಹಳಿ. ಆದರೆ ಎಚ್‌ಓ ಅಳತೆಯಲ್ಲಿ (ನಿಜದ ರೈಲಿನ 1:87) 18 ಇಂಚಿನ ತ್ರಿಜ್ಯ ಇಟ್ಟರೂ ಹಲಗೆಯ ಅಗಲ ಹೆಚ್ಚುಕಡಿಮೆ ಒಂದು ಮೀಟರ್ ಬೇಕು. ಅದನ್ನು ಗೋಡೆಗೆ ಒತ್ತಿಟ್ಟರೆ ಹಿಂದಿನ ಹಳಿಗೆ ಕೈ ಎಟುಕುವುದಿಲ್ಲ. ಆ ಜಾಗವಿಲ್ಲದವರಿಗೆ ಶಂಟಿಂಗ್‌ಗೆಂದೇ, ಅಂದರೆ ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸಲೆಂದೇ ಮಾಡಿದ ಇಂಗಲ್‌ನುಕ್‌ನಷ್ಟು ಒಳ್ಳೆಯ ನಕ್ಷೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಈ ನಕ್ಷೆಯಲ್ಲಿ ಎರಡೇ ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಕವಲುಹಳಿ). ಒಂದರಲ್ಲಿ ಐದು ವ್ಯಾಗನ್ ನಿಲ್ಲಬೇಕು, ಉಳಿದೆರಡರಲ್ಲಿ ಮೂರು ಮೂರು. ಕವಲಿಗೆ ಮುಂಚಿನ ಒಂಟಿ ಹಳಿಯಾದ ಶಂಟಿಂಗ್ ನೆಕ್‌ನಲ್ಲಿ ಎಂಜಿನ್ ಜೊತೆ ಮೂರು ವ್ಯಾಗನ್ ಹಿಡಿಯಬೇಕು.

ಹಲಗೆ ಕೊಯ್ಯಿಸುವ ಮೊದಲು ವ್ಯಾಗನ್ ಕೊಳ್ಳಿ. ಇಡೀ ಲೆಕ್ಕ ನಿಂತಿರುವುದು ಅದರ ಉದ್ದದ ಮೇಲೆ. ನಾನು ಆರಿಸಿದ್ದು 1:76 ಅಳತೆಯ, ಡಬಲ್ ಓ ಎನ್ನುವ ಬ್ರಿಟಿಷ್ ಮಾದರಿಯ ನಾಲ್ಕು ಗಾಲಿಯ ವ್ಯಾಗನ್. ಎಚ್‌ಓದಂತೆಯೇ 16.5 ಮಿ.ಮೀ. ಹಳಿಯ ಮೇಲೆ ಇದೂ ಓಡುತ್ತದೆ. ಕಪ್ಲಿಂಗ್ (ವ್ಯಾಗನ್‌ಗಳನ್ನು ಜೋಡಿಸುವ ಕೊಕ್ಕೆ) ಬದಲಿಸಿದ ಮೇಲೆ ಅಳೆದಾಗ ಒಂದಕ್ಕೆ 90 ಮಿ.ಮೀ. ಬಂತು. ಎಂಜಿನ್ 110 ಮಿ.ಮೀ. ಅಂದರೆ ಶಂಟಿಂಗ್ ನೆಕ್‌ಗೆ 110ಕ್ಕೆ 270 ಸೇರಿ 380. ಪೆಕೊ ಕಂಪನಿಯ ಸ್ಟ್ರೀಮ್‌ಲೈನ್ ಸಣ್ಣ ಪಾಯಿಂಟ್ 185 ಮಿ.ಮೀ. ಉದ್ದ, 12 ಡಿಗ್ರಿ ಕೋನ. ಪಾಯಿಂಟ್ ಮುಗಿಯುವಲ್ಲಿ ಎರಡು ಹಳಿಗಳ ನಡುಗೆರೆಗಳ ಅಂತರ ಇನ್ನೂ ಕಡಿಮೆಯೇ. ಪಕ್ಕಪಕ್ಕದ ವ್ಯಾಗನ್‌ಗಳು ತಾಗದಿರಲು ಕನಿಷ್ಠ 45 ಮಿ.ಮೀ. ಬೇಕು. ಅಷ್ಟು ಅಗಲವಾಗುವುದರೊಳಗೆ ಇನ್ನೂ 120 ಮಿ.ಮೀ. ಹೋಗುತ್ತದೆ. ನಕ್ಷೆ ಬರೆಯುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಮರೆತರೆ ಐದರ ಸೈಡಿಂಗಿನಲ್ಲಿ ನಾಲ್ಕೇ ನಿಲ್ಲುತ್ತವೆ.

ಐದರ ಸೈಡಿಂಗನ್ನು ಮೊದಲ ಪಾಯಿಂಟಿನಿಂದಲೇ ಕವಲೊಡೆಸಿದರೆ 380, 185, 120, 450 ಸೇರಿ 1135 ಮಿ.ಮೀ. ಮೂರರದು ಎರಡೂ ಪಾಯಿಂಟ್ ದಾಟಿ ಹೋಗುವುದರಿಂದ 380, 370, 120, 270 ಸೇರಿ 1140. ನಾಲ್ಕಡಿ ಅಂದರೆ 1220, ಎರಡು ತುದಿಗೂ ಬಫರ್ ಸ್ಟಾಪ್ (ಹಳಿಯ ಕೊನೆಯ ತಡೆ) ಇಡಲು 80 ಉಳಿಯಿತು. ಇದೇ ಹಲಗೆಗೆ 115 ಮಿ.ಮೀ. ಉದ್ದದ ಯುರೋಪಿಯನ್ ವ್ಯಾಗನ್ ತಂದರೆ ಶಂಟಿಂಗ್ ನೆಕ್ 455 ಆಗಿ ಒಟ್ಟು 1335ಕ್ಕೆ ಹೋಗುತ್ತದೆ. ನಾಲ್ಕಡಿಯಲ್ಲಿ ಅದು ಆಗದ ಮಾತು.

ಹಲಗೆ 9 ಮಿ.ಮೀ. ಪ್ಲೈವುಡ್, ಅಗಲ ಒಂದಡಿ. ಬರಿಯ ಪ್ಲೈ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸೊಟ್ಟಗಾಗುತ್ತದೆ. ಅದಕ್ಕೆ ಕೆಳಗೆ ಸುತ್ತಲೂ 50 ಮಿ.ಮೀ. ಎತ್ತರದ ಪಟ್ಟಿ, ನಡುವೆ ಮೂರು ಅಡ್ಡಪಟ್ಟಿ ಹೊಡೆದು, ಅಂಚುಗಳೂ ಸೇರಿ ಎಲ್ಲ ಮುಖಕ್ಕೆ ಎರಡು ಕೈ ಎನಾಮಲ್ ಬಳಿದೆ. ಅಡ್ಡಪಟ್ಟಿ ಪಾಯಿಂಟಿನ ಟೈಬಾರ್ (ಪಾಯಿಂಟನ್ನು ತಿರುಗಿಸಲು ಆಚೀಚೆ ಸರಿಸುವ ಅಡ್ಡಕಡ್ಡಿ) ಕೆಳಗೆ ಬರಬಾರದು, ಸ್ವಿಚ್ ಕೂರಿಸಲು ಆ ಜಾಗ ಬೇಕು. ಮೇಲೆ 3 ಮಿ.ಮೀ. ಕಾರ್ಕ್ ಹಾಳೆಯನ್ನು ಬಿಳಿ ಫೆವಿಕಾಲ್‌ನಲ್ಲಿ ಅಂಟಿಸಿದ್ದೇನೆ. ಗುಡ್ಡ ಮಾಡಲು ಥರ್ಮಾಕೋಲ್ ಬಳಸುವವರು ಹಳದಿ ರಬ್ಬರ್ ಅಂಟು ಮುಟ್ಟಬೇಡಿ, ಅದರ ದ್ರಾವಕಕ್ಕೆ ಥರ್ಮಾಕೋಲ್ ಕರಗಿಹೋಗುತ್ತದೆ.

ವೈರಿಂಗ್‌ಗೆ ಹೆಚ್ಚು ಸಮಯ ಕೊಡಿ. ನಾಲ್ಕು ಗಾಲಿಯ ಸಣ್ಣ ಎಂಜಿನ್ ಪಾಯಿಂಟಿನ ಪ್ಲಾಸ್ಟಿಕ್ ಫ್ರಾಗ್ (ಎರಡು ಒಳಹಳಿಗಳು ಕೂಡುವ ಮೂತಿ) ಮೇಲೆ ನಿಧಾನಕ್ಕೆ ಹೋದರೆ ಕರೆಂಟ್ ಸಿಗದೆ ನಿಂತುಬಿಡುತ್ತದೆ. ಶಂಟಿಂಗ್‌ನಲ್ಲಿ ಎಲ್ಲವೂ ನಿಧಾನವೇ. ಹಾಗಾಗಿ ಲೋಹದ ಫ್ರಾಗ್ ಇರುವ ಎಲೆಕ್ಟ್ರೋಫ್ರಾಗ್ ಪಾಯಿಂಟನ್ನೇ ತಗೊಳ್ಳಿ. ಆದರೆ ಅದಕ್ಕೊಂದು ಶಿಸ್ತು ಇದೆ: ಫ್ರಾಗ್‌ನಿಂದ ಹೊರಡುವ ಎರಡು ಒಳಹಳಿಗಳಿಗೂ ಪ್ಲಾಸ್ಟಿಕ್ ಫಿಶ್‌ಪ್ಲೇಟ್ (ಹಳಿತುಂಡುಗಳನ್ನು ಜೋಡಿಸುವ ಪಟ್ಟಿ) ಹಾಕಬೇಕು. ಲೋಹದ್ದು ಹಾಕಿದರೆ, ಪಾಯಿಂಟ್ ತಿರುಗಿಸಿದಾಗ ಫ್ರಾಗ್ ಒಂದು ಧ್ರುವಕ್ಕೂ ಅದರಾಚೆಯ ಹಳಿ ಇನ್ನೊಂದಕ್ಕೂ ಸೇರಿ ಶಾರ್ಟ್ ಆಗುತ್ತದೆ. ಫ್ರಾಗ್‌ನ ಧ್ರುವ ಬದಲಿಸಲು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಮೂರು ಕಾಲಿನ ಸ್ಲೈಡ್ ಸ್ವಿಚ್ ಸಾಕು. ಅದರ ಗುಬುಟಿಗೆ ಸಣ್ಣ ತೂತು ಕೊರೆದು, ಸ್ಪ್ರಿಂಗಿನಂಥ ಸ್ಟೀಲ್ ತಂತಿ ತೂರಿಸಿ, ಮೇಲಿನ ತುದಿಯನ್ನು ಟೈಬಾರ್‌ಗೆ ಸಿಕ್ಕಿಸಿದೆ. ಸ್ವಿಚ್ ತಳ್ಳಿದರೆ ಪಾಯಿಂಟೂ ತಿರುಗುತ್ತದೆ, ಧ್ರುವವೂ ಬದಲಾಗುತ್ತದೆ. ಮಧ್ಯದ ಕಾಲು ಫ್ರಾಗ್‌ಗೆ, ಅಕ್ಕಪಕ್ಕದವು ಎರಡು ಹಳಿಗೆ. ಅಕ್ಕಪಕ್ಕದವು ಅದಲುಬದಲಾದರೆ ಶಾರ್ಟ್ ಆಗಿ, ಹಳಿಗೆ ಕರೆಂಟ್ ಕೊಡುವ ಕಂಟ್ರೋಲರ್ ಟ್ರಿಪ್ ಆಗುತ್ತದೆ. ಆಗ ಆ ಎರಡು ವೈರ್ ಮಾತ್ರ ತಿರುವಿ ಹಾಕಿ.

ಪ್ರತಿ ಹಳಿತುಂಡಿಗೂ ಅದರದೇ ವೈರ್ ಬೆಸುಗೆ ಹಾಕಿ, ಫಿಶ್‌ಪ್ಲೇಟ್ ನಂಬಬೇಡಿ. ಹಳಿಯ ಹೊರಬದಿ ಉಜ್ಜಿ ಹೊಳಪು ಬರಿಸಿ, ಫ್ಲಕ್ಸ್ ಹಚ್ಚಿ, 25 ವ್ಯಾಟ್ ಸೋಲ್ಡರಿಂಗ್ ಐರನ್ ಅನ್ನು ಎರಡು ಮೂರು ಸೆಕೆಂಡ್ ಮಾತ್ರ ಮುಟ್ಟಿಸಿ. ಹೆಚ್ಚಾದರೆ ಸ್ಲೀಪರ್ ಕರಗಿ ಹಳಿಗಳ ಅಂತರವೇ ಕೆಡುತ್ತದೆ. ಬೆಸುಗೆಯ ಎರಡೂ ಪಕ್ಕ ಒದ್ದೆ ಟಿಶ್ಯೂ ಇಟ್ಟರೆ ಶಾಖ ಆಚೆ ಹರಡುವುದಿಲ್ಲ.

ಪಾಯಿಂಟಿನಲ್ಲಿ ವ್ಯಾಗನ್ ಹಳಿ ತಪ್ಪಿದರೆ ಮೊದಲು ಗಾಲಿ ನೋಡಿ. ಜೋಡಿ ಗಾಲಿಗಳ ಒಳಮುಖಗಳ ಅಂತರ 14.4ರಿಂದ 14.5 ಮಿ.ಮೀ. ಇರಬೇಕು, ವರ್ನಿಯರ್‌ನಲ್ಲಿ ಅಳೆದು ಮೆಲ್ಲಗೆ ತಿರುಚುತ್ತಾ ಸರಿಸಬಹುದು. ಆಮೇಲೆ ತೂಕ. ನನ್ನ ಎಂಟೂ ವ್ಯಾಗನ್‌ಗಳನ್ನು ಒಳಗೆ ಸ್ಟೀಲ್ ವಾಷರ್ ಅಂಟಿಸಿ 50 ಗ್ರಾಂಗೆ ತಂದೆ. ಹಗುರವಿದ್ದರೆ ಹಿಂದಕ್ಕೆ ತಳ್ಳುವಾಗ ನಡುವಿನದು ಮೇಲೇಳುತ್ತದೆ.

ಹಳಿಗೆ ಜಲ್ಲಿ ಹಾಕುವುದನ್ನು ಎರಡು ವಾರ ಓಡಿಸಿ ನೋಡಿದ ಮೇಲೆ ಇಟ್ಟುಕೊಳ್ಳಿ, ಅಂಟು ಬಿದ್ದ ಮೇಲೆ ಹಳಿ ಸರಿಪಡಿಸುವುದು ಬಲು ಕಷ್ಟ. ನಿಜವಾದ ಹಳಿಯ 65 ಮಿ.ಮೀ. ಜಲ್ಲಿಯನ್ನು 76ರಿಂದ ಭಾಗಿಸಿದರೆ ಸುಮಾರು 0.85 ಮಿ.ಮೀ. ಎಂ-ಸ್ಯಾಂಡನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ತೊಳೆದು, ಒಣಗಿಸಿದರೆ ಅದೇ ಬೂದು ಬಣ್ಣ, ಅದೇ ಮೂಲೆ ಮೂಲೆಯ ಕಲ್ಲು. ಕ್ರಷರ್‌ನ ಕಬ್ಬಿಣದ ಚೂರು ಇರಬಹುದು, ಒಮ್ಮೆ ಮ್ಯಾಗ್ನೆಟ್ ಆಡಿಸಿ. ಇಲ್ಲವಾದರೆ ಅವು ಎಂಜಿನ್ನಿನ ಮೋಟಾರಿಗೆ ಅಂಟಿಕೊಳ್ಳುತ್ತವೆ. ರವೆ ಬೇಡ, ಇರುವೆ ಜಿರಳೆ ಬರುತ್ತವೆ. ಒಣಗಿದ ಕುಂಚದಿಂದ ಸ್ಲೀಪರ್ ನಡುವೆ ಸಮ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ ನೆನೆಸಿ, ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಡ್ರಾಪರ್‌ನಲ್ಲಿ ಬಿಡಿ. ನೆನೆಸದೆ ಬಿಟ್ಟರೆ ಅಂಟು ಮುತ್ತುಮುತ್ತಾಗಿ ನಿಂತು ಜಲ್ಲಿಯನ್ನು ಉರುಳಿಸಿಕೊಂಡು ಹೋಗುತ್ತದೆ. ಟೈಬಾರ್ ಸುತ್ತ ಒಂದು ಇಂಚು ಜಲ್ಲಿ ಬೇಡ, ಅಲ್ಲಿ ಕಂದು ಬಣ್ಣ ಬಳಿದರೆ ಸಾಕು.

ಆಟಕ್ಕೆ ಎಂಟು ವ್ಯಾಗನ್‌ಗೂ ಚೀಟಿ ಬರೆಯಿರಿ. ಐದು ಚೀಟಿ ಎತ್ತಿ, ಬಂದ ಕ್ರಮದಲ್ಲೇ ಐದರ ಸೈಡಿಂಗಿನಲ್ಲಿ ರೈಲು ಜೋಡಿಸಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಇಡುವ ಬಗೆಗಳು 6720. ಕಪ್ಲಿಂಗ್ ಬಿಡಿಸಲು ಹಳಿಯೊಳಗೆ ಮ್ಯಾಗ್ನೆಟ್ ಹುಗಿಯುವವರಿದ್ದಾರೆ, ಆದರೆ ಗಾಲಿಯ ಆಕ್ಸಲ್ ಸ್ಟೀಲಿನದಾದರೆ ಅದು ವ್ಯಾಗನ್ನನ್ನೇ ಎಳೆದುಕೊಳ್ಳುತ್ತದೆ. ನನ್ನ ಹತ್ತಿರ ಇರುವುದು ತುದಿಯನ್ನು ಉಳಿಯಂತೆ ಚಪ್ಪಟೆ ಹೆರೆದ ಬಿದಿರಿನ ಕಡ್ಡಿ. ಎರಡು ಕೊಕ್ಕೆಗಳ ನಡುವೆ ಮೇಲಿನಿಂದ ಇಳಿಸಿ ಕಾಲು ಸುತ್ತು ತಿರುಗಿಸಿದರೆ ಬಾಯಿ ತೆರೆದುಕೊಳ್ಳುತ್ತವೆ.