ವಿಂಡೋಸ್‌ನಲ್ಲಿ ಡಿಎಲ್‌ಎಲ್ ಮಾಡುವ ಮುಂಚೆ ಟರ್ಮಿನಲ್ ನೋಡಿಕೊಳ್ಳಿ

ಡಿಎಲ್‌ಎಲ್ (ಬೇರೆ ಪ್ರೋಗ್ರಾಮುಗಳು ಬಳಸುವ ಕೋಡ್ ಲೈಬ್ರರಿ ಫೈಲ್) ಮಾಡಲು ಎಮ್‌ಸಿಸ್2 (MSYS2, ವಿಂಡೋಸ್‌ನಲ್ಲಿ ಕಂಪೈಲರ್ ಮುಂತಾದ ಸಲಕರಣೆ ಕೊಡುವ ತಂತ್ರಾಂಶ) ಹಾಕಿಕೊಂಡರೆ ಸ್ಟಾರ್ಟ್ ಮೆನುವಿನಲ್ಲಿ ಒಂದಲ್ಲ, ಹಲವು ಟರ್ಮಿನಲ್ ಕಾಣುತ್ತವೆ. ಹೊಸಬರು ಎಡವುವುದು ಇಲ್ಲೇ. ಅವುಗಳಲ್ಲಿ ‘ಯುಸಿಆರ್‌ಟಿ64’ (UCRT64) ಅಂತ ಇರುವುದನ್ನು ತೆರೆಯಿರಿ. ಬರೀ ‘ಎಮ್‌ಸಿಸ್’ ಅಂತ ಇರುವುದರಲ್ಲಿ, ಅದರದೇ ಜಿಸಿಸಿ (GCC) ಕಂಪೈಲರಿನಿಂದ ಕಂಪೈಲ್ ಮಾಡಿದರೆ ನಿಮ್ಮ ಡಿಎಲ್‌ಎಲ್ ಎಮ್‌ಸಿಸ್‌ನ ರನ್‌ಟೈಮ್ ಫೈಲಿಗೆ ಜೋತುಬೀಳುತ್ತದೆ. ಆ ಫೈಲ್ ಇಲ್ಲದ ಕಂಪ್ಯೂಟರಿನಲ್ಲಿ ಓಡುವುದೇ ಇಲ್ಲ. ನಾನೂ ಇದಕ್ಕೇ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡಿದ್ದೆ.

ಜಿಸಿಸಿಗೆ ‘ಶೇರ್ಡ್’ (-shared) ಆಯ್ಕೆ ಕೊಡಿ. ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿಗೆ ಕೊಡುವ ‘ಎಫ್‌ಪಿಕ್’ (-fPIC) ಆಯ್ಕೆ ಇಲ್ಲಿ ಬೇಕಿಲ್ಲ. ‘ಅನ್‌ಡಿಫೈನ್ಡ್ ರೆಫರೆನ್ಸ್’ (ಕರೆದ ಫಂಕ್ಷನ್ ಸಿಗಲಿಲ್ಲ) ಎಂಬ ಎರರ್ ಬಂದರೆ, ಲೈಬ್ರರಿ ಹೆಸರುಗಳನ್ನು ಆಬ್ಜೆಕ್ಟ್ ಫೈಲುಗಳ (ಕಂಪೈಲ್ ಆದ ಕೋಡ್) ನಂತರ, ಸಾಲಿನ ಕೊನೆಗೆ ಹಾಕಿ. ಲಿನಕ್ಸ್‌ನಲ್ಲಿ ಯಾವುದೋ ಫಂಕ್ಷನ್ ಸಿಗದಿದ್ದರೂ ಶೇರ್ಡ್ ಲೈಬ್ರರಿ ಸುಮ್ನೆ ತಯಾರಾಗಿಬಿಡುತ್ತದೆ, ಅಲ್ವಾ? ಡಿಎಲ್‌ಎಲ್‌ಗೆ ಆ ರಿಯಾಯಿತಿ ಇಲ್ಲ.

ಆಮೇಲೆ ನಿಮ್ಮ ಡಿಎಲ್‌ಎಲ್ ಮೇಲೆ ‘ಎಲ್‌ಡಿಡಿ’ (ldd) ಕಮಾಂಡ್ ಓಡಿಸಿ, ಅದಕ್ಕೆ ಯಾವ್ಯಾವ ಫೈಲ್ ಬೇಕೆಂದು ನೋಡಿ. ಸಿಸ್ಟಮ್ ಫೋಲ್ಡರಿನದಲ್ಲದವನ್ನೆಲ್ಲ ಇಎಕ್ಸ್‌ಇ ಪಕ್ಕದಲ್ಲೇ ಇಡಿ.