ಒಂದೇ ತಂತಿಯ ಡಿಬಗ್ಗಿಂಗ್: ಹಿಡಿಯುವುದು ಸುಲಭ, ಬಿಡುವುದೇ ಕಷ್ಟ

ಎಚ್‌ಸಿಎಸ್08 ಎಂಬ ಮೈಕ್ರೋಕಂಟ್ರೋಲರ್ ಚಿಪ್‌ಗೆ ತಾವೇ ಡಿಬಗ್ಗರ್ (ಚಿಪ್‌ನೊಳಗೆ ಇಣುಕಿ ದೋಷ ಹುಡುಕುವ ಸಾಧನ) ಕಟ್ಟಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಡಿಬಗ್ಗರ್, ಚಿಪ್ ಎರಡೂ ಮಾತಾಡುವುದು ಬಿಕೆಜಿಡಿ (BKGD) ಪಿನ್ನಿನ ಒಂದೇ ತಂತಿಯಲ್ಲಿ. ಆ ಪಿನ್ನನ್ನು ಕೆಳಕ್ಕೆ, ಅಂದರೆ ಸೊನ್ನೆ ವೋಲ್ಟ್‌ನತ್ತ, ಎಳೆದು ಹಿಡಿಯುತ್ತಾರೆ, ಹೊತ್ತಿಗೆ ಸರಿಯಾಗಿ ಬಿಡುವುದಿಲ್ಲ. ಉತ್ತರ ಬರದಿದ್ದರೆ ‘ಚಿಪ್ ಸತ್ತಿದೆ’ ಅಂತ ಕಿತ್ತು ಬೇರೆಯದನ್ನು ಬೆಸೆಯುತ್ತಾರೆ. ಹಾಗೆ ಕಿತ್ತೆಸೆದ ಒಳ್ಳೆಯ ಚಿಪ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹಂತ 1: ಬಿಕೆಜಿಡಿ, ರಿಸೆಟ್, ಗ್ರೌಂಡ್, ವಿದ್ಯುತ್ – ನಾಲ್ಕೇ ಜೋಡಣೆ. ತಂತಿ ಗಿಡ್ಡವಿರಲಿ.

ಹಂತ 2: ಬಿಕೆಜಿಡಿಯನ್ನು ಕೆಳಗೆ ಹಿಡಿದುಕೊಂಡೇ ರಿಸೆಟ್ ಬಿಡಿ. ಚಿಪ್ ತನ್ನ ಪ್ರೋಗ್ರಾಮ್ ಓಡಿಸದೆ, ಡಿಬಗ್ಗರ್‌ನ ಕಮಾಂಡ್‌ಗೆ ಕಾಯುವ ಬ್ಯಾಕ್‌ಗ್ರೌಂಡ್ ಮೋಡ್‌ನಲ್ಲಿ ನಿಲ್ಲುತ್ತದೆ.

ಹಂತ 3: ಸಿಂಕ್, ಅಂದರೆ ಚಿಪ್‌ನ ವೇಗಕ್ಕೆ ಹೊಂದಿಕೊಳ್ಳುವುದು. ಈ ತಂತಿಯಲ್ಲಿ ಕ್ಲಾಕ್ ಬರುವುದಿಲ್ಲ. ಚಿಪ್‌ನ ವೇಗ ಎಷ್ಟೆಂದು ಅದನ್ನೇ ಕೇಳಬೇಕು. ಮೊದಲು ಪಿನ್ನನ್ನು ಚಿಪ್‌ನ ಕ್ಲಾಕ್‌ನ 128 ಸೈಕಲ್‌ಗಳಿಗಿಂತ ಹೆಚ್ಚು ಹೊತ್ತು ಕೆಳಗೆ ಹಿಡಿಯಿರಿ. ವೇಗ ಗೊತ್ತಿಲ್ಲವಲ್ಲ, ಹಾಗಾಗಿ ಅತಿ ನಿಧಾನದ ಕ್ಲಾಕ್‌ನ ಲೆಕ್ಕ ಹಾಕಿ. 32.768 ಕಿಲೋಹರ್ಟ್ಸ್ ಆದರೆ ಅದು 3.9 ಮಿಲಿಸೆಕೆಂಡ್. ನಾನಂತೂ 5 ಮಿಲಿಸೆಕೆಂಡ್ ಹಿಡಿಯುತ್ತೇನೆ, ಹೆಚ್ಚಾದರೆ ನಷ್ಟವಿಲ್ಲ.

ಆಮೇಲೆ ಚಿಕ್ಕದೊಂದು ಪಲ್ಸ್‌ನಿಂದ ತಂತಿಯನ್ನು ಮೇಲಕ್ಕೆ ತಳ್ಳಿ, ಕೂಡಲೇ ಪಿನ್ನನ್ನು ಇನ್‌ಪುಟ್ ಮಾಡಿ. ಪುಲ್-ಅಪ್ (ತಂತಿಯನ್ನು ಮೆಲ್ಲಗೆ ಮೇಲಕ್ಕೆಳೆಯುವ ರೆಸಿಸ್ಟರ್) ಒಂದನ್ನೇ ನಂಬಿದರೆ, ಅದರ 30 ಕಿಲೋಓಮ್‌ಗೆ ತಂತಿಯ 50 ಪಿಕೋಫ್ಯಾರಡ್ ಸೇರಿದಾಗ ಟೈಮ್ ಕಾನ್‌ಸ್ಟಂಟ್ (ತಂತಿ ಎಷ್ಟು ನಿಧಾನಕ್ಕೆ ಏರುತ್ತದೆ ಎಂಬುದರ ಅಳತೆ) 1.5 ಮೈಕ್ರೋಸೆಕೆಂಡ್. 4 ಮೆಗಾಹರ್ಟ್ಸ್‌ನಲ್ಲಿ ಅಷ್ಟರೊಳಗೆ ಆರು ಸೈಕಲ್ ಕಳೆದಿರುತ್ತದೆ! ಹಾಗಂತ ತಳ್ಳಿಕೊಂಡೇ ಕೂರಬೇಡಿ. ತಂತಿ ಮೇಲೇರಿದ 16 ಸೈಕಲ್‌ಗಳ ನಂತರ ಚಿಪ್ ಉತ್ತರ ಕೊಡಲು ಶುರು ಮಾಡುತ್ತದೆ. 8 ಮೆಗಾಹರ್ಟ್ಸ್‌ನಲ್ಲಿ ಅದು ಬರೀ 2 ಮೈಕ್ರೋಸೆಕೆಂಡ್. ನೀವಿನ್ನೂ ಮೇಲಕ್ಕೆ ತಳ್ಳುತ್ತಿದ್ದರೆ ಅದು ಕೆಳಗೆ ಎಳೆಯುತ್ತಿರುತ್ತದೆ. ಆ ಜಗ್ಗಾಟದಲ್ಲಿ ಉತ್ತರ ಕಳೆದುಹೋಗುತ್ತದೆ.

ಆದ್ದರಿಂದ ಇಂಟರಪ್ಟ್ ಮುಚ್ಚಿ, ತಂತಿಯನ್ನು ಬಿಡುವುದಕ್ಕೆ ಮುಂಚೆಯೇ ಟೈಮರ್ ಕ್ಯಾಪ್ಚರನ್ನು (ತಂತಿ ಏರಿಳಿದ ಕ್ಷಣವನ್ನು ದಾಖಲಿಸುವ ಸೌಲಭ್ಯ) ಸಜ್ಜು ಮಾಡಿ, ಪಿನ್ ದಿಕ್ಕನ್ನು ರಿಜಿಸ್ಟರ್‌ನಲ್ಲಿ ನೇರವಾಗಿ ಬದಲಿಸಿ. ಆರ್ಡುಯಿನೋ ಲೈಬ್ರರಿಯ ಪಿನ್‌ಮೋಡ್ ಈ ಕೆಲಸಕ್ಕೆ ಬೇಡವೇ ಬೇಡ. ವೋಲ್ಟೇಜ್ ಹೊಂದಿಸುವ ಅಗ್ಗದ ಲೆವೆಲ್ ಶಿಫ್ಟರ್ ಮಾಡ್ಯೂಲ್‌ಗಳನ್ನೂ ದೂರವಿಡಿ. ಅವು ಏರಿಕೆಯನ್ನು ಜೋಲಾಡಿಸಿ ಅಳತೆಯನ್ನೇ ಕೆಡಿಸುತ್ತವೆ. ಡಿಬಗ್ಗರನ್ನು ಚಿಪ್‌ನ ವೋಲ್ಟೇಜ್‌ನಲ್ಲೇ ಓಡಿಸುವುದು ಲೇಸು.

ಉತ್ತರವಾಗಿ ಚಿಪ್ ಸರಿಯಾಗಿ 128 ಸೈಕಲ್ ಹೊತ್ತು ತಂತಿಯನ್ನು ಕೆಳಗೆ ಹಿಡಿಯುತ್ತದೆ. ಅಳತೆ 32 ಮೈಕ್ರೋಸೆಕೆಂಡ್ ಬಂದರೆ ವೇಗ 4 ಮೆಗಾಹರ್ಟ್ಸ್.

ಹಂತ 4: ಇನ್ನುಳಿದದ್ದು ಭಾಗಾಕಾರ. ಒಂದು ಬಿಟ್‌ಗೆ 16 ಸೈಕಲ್, ಅಂದರೆ ಇಲ್ಲಿ 4 ಮೈಕ್ರೋಸೆಕೆಂಡ್. ಓದುವಾಗ ಕನಿಷ್ಠ 2 ಸೈಕಲ್ ಕೆಳಗೆಳೆದು ಬಿಡಿ. ಇಳಿದ ಅಂಚಿನಿಂದ 10ನೇ ಸೈಕಲ್‌ಗೆ ತಂತಿ ನೋಡಿ. ಕಮಾಂಡ್ ಮಧ್ಯದಲ್ಲಿ ಪ್ರಿಂಟ್ ಸಂದೇಶ ಕಳಿಸುತ್ತ ನಿಲ್ಲಬೇಡಿ. 512 ಸೈಕಲ್ ಸದ್ದಿಲ್ಲದಿದ್ದರೆ ಚಿಪ್ ಆ ಕಮಾಂಡನ್ನೇ ಕೈಬಿಡುತ್ತದೆ.

ಹಂತ 5: ಪರೀಕ್ಷೆಗೆ ಹೆಕ್ಸ್ ಇ4 (ಚಿಪ್‌ನ ಸ್ಥಿತಿ ಕೇಳುವ ಕಮಾಂಡ್) ಕಳಿಸಿ, ಒಂದು ಬೈಟ್ ಓದಿ. ಹಂತ 2 ಸರಿಯಾಗಿದ್ದರೆ ಸಿ8 ಬರುತ್ತದೆ. ಎಫ್‌ಎಫ್ ಬಂದರೆ ಆ ಕಡೆಯಿಂದ ಯಾರೂ ಮಾತಾಡಿಲ್ಲ ಎಂದರ್ಥ. ಬೆಸುಗೆ ಕಡ್ಡಿಗೆ ಕೈ ಹಾಕುವ ಮೊದಲು ಹಂತ 3ಕ್ಕೆ ಆಸಿಲೋಸ್ಕೋಪ್ ಹಿಡಿಯಿರಿ. ಚಿಪ್‌ನ ಪ್ರೋಗ್ರಾಮ್ ನಡುವೆ ಕ್ಲಾಕ್ ಬದಲಿಸಿದರೆ ಸಿಂಕ್ ಮತ್ತೆ ಮಾಡಿ.