ಜೋಡಿ ಹಳಿ ಬರುವ ಮುನ್ನ ಮತ್ತು ಬಂದ ಮೇಲೆ: ಒಬ್ಬ ಸ್ಟೇಷನ್ ಮಾಸ್ಟರನ ಲೆಕ್ಕ

ಬೆಳಗಾವಿಯಿಂದ ಘಟಪ್ರಭಾ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ನಿಲ್ದಾಣದಲ್ಲಿ ನಾನು ಸ್ಟೇಷನ್ ಮಾಸ್ಟರ್ ಆಗಿದ್ದಾಗ ಲೋಂಡಾ–ಮಿರಜ್ ಮಾರ್ಗಕ್ಕೆ ಇನ್ನೂ ಒಂದೇ ಹಳಿ ಇತ್ತು. ಬೇರೆ ಗಾಡಿಗೆ ದಾರಿ ಬಿಡಲು ಗೂಡ್ಸ್ ಗಾಡಿ ಲೂಪಿನಲ್ಲಿ, ಅಂದರೆ ನಿಲ್ದಾಣದ ಪಕ್ಕದ ಹಳಿಯಲ್ಲಿ, ಗಂಟೆಗಟ್ಟಲೆ ನಿಂತಾಗ ಲೋಕೋ ಪೈಲಟ್ ಕಚೇರಿಗೆ ಬಂದು, ‘ಜೋಡಿ ಹಳಿ ಆಗೂತನಕ ಇದ ಹಣೇಬರಹ ಬಿಡ್ರಿ ಸಾಹೇಬ್ರ’ ಎನ್ನುತ್ತಿದ್ದ. ನಾನೂ ಹಾಗೆಯೇ ನಂಬಿದ್ದೆ. ಗಾಡಿಗಳು ಬಂದುಹೋದ ಹೊತ್ತು ಬರೆದಿಡುವ ಟ್ರೇನ್ ಸಿಗ್ನಲ್ ರಿಜಿಸ್ಟರಿನ ಒಂದು ತಿಂಗಳ ಪುಟಗಳನ್ನು ಮುಂದಿಟ್ಟುಕೊಂಡು ಪ್ರತಿ ಗಾಡಿಯ ನಿಮಿಷಗಳನ್ನು ಬಿಡಿಸಿ ಬರೆದ ಮೇಲೆ ಆ ನಂಬಿಕೆ ಸಡಿಲವಾಯಿತು.

ಒಂಟಿ ಹಳಿಯ ಸಾಮರ್ಥ್ಯವನ್ನು ನಮ್ಮಲ್ಲಿ ಸ್ಕಾಟ್ ಸೂತ್ರದಿಂದ ಅಳೆಯುತ್ತಾರೆ. ಅತಿ ಉದ್ದದ ಬ್ಲಾಕ್ ಸೆಕ್ಷನ್ನನ್ನು (ಎರಡು ನಿಲ್ದಾಣಗಳ ನಡುವಿನ ಹಳಿ) ನಿಧಾನದ ಗಾಡಿ ದಾಟುವ ನಿಮಿಷಗಳಿಗೆ ಲೈನ್ ಕ್ಲಿಯರ್ (ಮುಂದಿನ ನಿಲ್ದಾಣದ ಒಪ್ಪಿಗೆ) ಪಡೆಯುವ ನಿಮಿಷಗಳನ್ನು ಕೂಡಿಸಿ, ಆ ಮೊತ್ತದಿಂದ ದಿನದ 1440 ನಿಮಿಷಗಳನ್ನು ಭಾಗಿಸಿ, ಬಂದದ್ದರಲ್ಲಿ ಶೇ 70ರಷ್ಟನ್ನು ಮಾತ್ರ ನೆಚ್ಚಬೇಕು. ಮೊದಲನೆಯದು 16, ಎರಡನೆಯದು 5 ಎಂದು ಹಿಡಿದರೆ ಎರಡೂ ದಿಕ್ಕು ಸೇರಿ 48 ಗಾಡಿ. 21 ನಿಮಿಷ 17ಕ್ಕೆ ಇಳಿದರೆ 59. ನಾಲ್ಕು ನಿಮಿಷಕ್ಕೆ ಹನ್ನೊಂದು ಗಾಡಿ! ಆ ನಾಲ್ಕು ನಿಮಿಷ ಎಲ್ಲಿ ಸೋರುತ್ತಿದೆ ಎಂದು ಹುಡುಕತೊಡಗಿದೆ.

ಹೆಚ್ಚಿನದು ಗೇಟಿನಲ್ಲಿ ಸೋರುತ್ತಿತ್ತು. ಗೇಟು ಸಿಗ್ನಲ್ಲಿಗೆ ಇಂಟರ್‌ಲಾಕ್ ಆಗಿದ್ದುದರಿಂದ ಅದು ಬೀಳದೆ ಸಿಗ್ನಲ್ ಬರುತ್ತಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲು ಹಿಡಿದು ಬರುವಾಗ ಗೇಟ್‌ಮನ್ ಹಸಿರು ಬಾವುಟ ಕಂಕುಳಲ್ಲಿಟ್ಟು ಎರಡೂ ಕೈ ಅಡ್ಡ ಹಿಡಿದರೂ, ‘ಇದೊಂದ ಹೋಗಲಿ ತಡೀರಿ’ ಎನ್ನುವವರೇ ಎಲ್ಲ. ಅಲ್ಲಿ ಎರಡು ನಿಮಿಷ ತಡವಾದರೆ ನಷ್ಟ ಎರಡೇ ನಿಮಿಷವಲ್ಲ. ತುಂಬಿದ ಗೂಡ್ಸ್ ಸಿಗ್ನಲ್ಲಿನ ಹೊರಗೆ ಒಮ್ಮೆ ನಿಂತರೆ ಬ್ರೇಕ್ ಬಿಟ್ಟು ವೇಗ ಹಿಡಿಯುವಷ್ಟರಲ್ಲಿ ಇನ್ನೂ ಐದಾರು ನಿಮಿಷ ಹೋಗುತ್ತದೆ. ಗಾಡಿ ಪಕ್ಕದ ನಿಲ್ದಾಣ ಬಿಟ್ಟ ಮೇಲೆ ಗೇಟಿಗೆ ಹೇಳುವುದು ನಮ್ಮ ವಾಡಿಕೆಯಾಗಿತ್ತು. ಗಾಡಿ ಅದಕ್ಕೂ ಆಚೆಯ ನಿಲ್ದಾಣ ಬಿಟ್ಟ ಕೂಡಲೇ ಗೇಟ್‌ಮನ್‌ಗೆ ಸುಳಿವು ಕೊಡತೊಡಗಿದೆ. ಟ್ರ್ಯಾಕ್ಟರಿನವರನ್ನು ದೂರದಲ್ಲೇ ತಡೆಯಲು ಅವನಿಗೆ ಅಷ್ಟು ಸಾಕಾಯಿತು.

ಗಾಡಿಯನ್ನು ಲೂಪಿಗೆ ತಿರುಗಿಸುವ ಪಾಯಿಂಟಿಗೆ ಗಂಟೆಗೆ 15 ಕಿ.ಮೀ. ಮಿತಿಯಿತ್ತು. ಆ ವೇಗದಲ್ಲಿ ಸುಮಾರು 650 ಮೀಟರಿನ ಗೂಡ್ಸ್ ಪೂರ್ತಿ ಒಳಬರಲು ಎರಡೂವರೆ ನಿಮಿಷ ದಾಟುತ್ತದೆ, 30 ಕಿ.ಮೀ.ಗೆ ತಕ್ಕ ಪಾಯಿಂಟಾದರೆ ಅದರ ಅರ್ಧ. ಪಾಯಿಂಟ್ ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ. ಹೇಗಿದ್ದರೂ ನಮ್ಮಲ್ಲಿ ನಿಲ್ಲಲೇಬೇಕಾದ ಗಿಡ್ಡ ಪ್ಯಾಸೆಂಜರನ್ನು ಲೂಪಿಗೆ ಹಾಕಿ ಗೂಡ್ಸನ್ನು ಮೇನ್ ಲೈನಿನಲ್ಲಿ ಬಿಡುವಂತೆ, ಗಾಡಿಗಳ ಓಟ ನಿರ್ದೇಶಿಸುವ ಕಂಟ್ರೋಲರನ್ನು ಒಪ್ಪಿಸಿದೆ. ಒಪ್ಪಿಸಲು ಮೂರು ವಾರ ಹಿಡಿಯಿತು ಎಂಬುದು ಬೇರೆ ಮಾತು.

ಮುಂದೆ ನಮ್ಮ ಭಾಗಕ್ಕೆ ಜೋಡಿ ಹಳಿ ಬಂದು ಎದುರುಬದುರಿನ ಕ್ರಾಸಿಂಗ್ ಮುಗಿಯಿತು, ಹಿಂದಿನ ಗಾಡಿಗೆ ದಾರಿ ಬಿಡುವ ಕಾಟ ಉಳಿಯಿತು. 60 ಕಿ.ಮೀ. ದೂರವನ್ನು ಎಕ್ಸ್‌ಪ್ರೆಸ್ 40 ನಿಮಿಷದಲ್ಲಿ, ಗೂಡ್ಸ್ 80 ನಿಮಿಷದಲ್ಲಿ ಕ್ರಮಿಸಿದರೆ, ಎಕ್ಸ್‌ಪ್ರೆಸ್ಸಿಗಿಂತ 40 ನಿಮಿಷಕ್ಕೂ ಮೊದಲೇ ಹೊರಡದ ಗೂಡ್ಸ್ ನಡುವೆ ಎಲ್ಲಾದರೂ ಲೂಪು ಸೇರಲೇಬೇಕು; ಹತ್ತು ನಿಮಿಷದ ಅಂತರದಲ್ಲಿ ಆ 40 ನಿಮಿಷಕ್ಕೆ ನಾಲ್ಕು ಗೂಡ್ಸ್ ಬಿಡಬಹುದಿತ್ತು. ಎರಡು ಎಕ್ಸ್‌ಪ್ರೆಸ್‌ಗಳು ಒಂದರ ಹಿಂದೊಂದು ಬಂದರೆ ಈ ದಂಡ ಒಮ್ಮೆ ಮಾತ್ರ, ಮುಕ್ಕಾಲು ಗಂಟೆ ಬಿಟ್ಟು ಬಂದರೆ ಎರಡು ಸಲ. ಹಾಗಾಗಿ ನಡುವಿನ ಸಣ್ಣ ಸಂದಿಯಲ್ಲಿ ಒಂದೊಂದೇ ಗೂಡ್ಸ್ ತೂರಿಸುವುದನ್ನು ಬಿಟ್ಟು, ಎಕ್ಸ್‌ಪ್ರೆಸ್‌ಗಳು ಹೋದ ಮೇಲೆ ಮೂರು ಗೂಡ್ಸ್ ಸಾಲಾಗಿ ಬಿಡಿಸುತ್ತಿದ್ದೆವು. ಬರೀ ಬ್ಲಾಕ್ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹಳಿಯ ಮೇಲೆ ಒಂದೇ ಗಾಡಿ ಇರಬಹುದಾದ್ದರಿಂದ, ಉದ್ದದ ಸೆಕ್ಷನ್ನಿನ ನಡುವೆ ಅದನ್ನು ಎರಡಾಗಿ ಒಡೆಯುವ ಐಬಿಎಸ್ ಸಿಗ್ನಲ್ ಇಲ್ಲದೆ ಹತ್ತು ನಿಮಿಷದ ಅಂತರವೂ ದಕ್ಕುವುದಿಲ್ಲ.

ಎರಡು ಗೂಡ್ಸ್ ಜೋಡಿಸಿ ಓಡಿಸುವ ಉದ್ದ ಗಾಡಿ ಒಂದು ಪಾತ್ (ವೇಳಾಪಟ್ಟಿಯಲ್ಲಿ ಒಂದು ಗಾಡಿಯ ಜಾಗ) ಉಳಿಸುತ್ತದೆ ನಿಜ, ಆದರೆ ಅದರ ಉದ್ದ 1300 ಮೀಟರಿಗೆ ಹೋಗುತ್ತದೆ. ಏಳುನೂರು ಮೀಟರಿನ ಲೂಪಿನಲ್ಲಿ ಅದನ್ನು ನಿಲ್ಲಿಸಲಾಗದು. ಅಂಥದ್ದು ಹೊರಟಿದೆ ಎಂದು ಕಂಟ್ರೋಲಿನಿಂದ ಫೋನು ಬಂದರೆ ನಾನು ಮೊದಲು ಕೇಳುತ್ತಿದ್ದುದು ಅದರ ಹಿಂದೆ ಯಾವ ಎಕ್ಸ್‌ಪ್ರೆಸ್ ಇದೆ ಎಂದು.